ಹೆಣ್ಣುಮಕ್ಕಳ ಮೌನಕ್ಕೆ ಕಿವಿಗೊಡೋಣ

ಹದಿಹರೆಯದಲ್ಲಿ ಮೈ ಬೆಳೆಯುವಂತೆ ಮಿದುಳೂ ಹೊಸದಾಗಿ ರೂಪುಗೊಳ್ಳುತ್ತದೆ. ಭಾವನೆಗಳಿಗೆ ಸಂಬಂಧಿಸಿದ ಭಾಗಗಳು ಬೇಗ ಚುರುಕಾಗುತ್ತವೆ. ಹಿಂದುಮುಂದು ಯೋಚಿಸಿ ಆವೇಗಕ್ಕೆ ಕಡಿವಾಣ ಹಾಕುವ, ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸಿನವರೆಗೂ ಕಾಲ ಬೇಕು. ಆದ್ದರಿಂದಲೇ ಹಿರಿಯರಿಗೆ ಚಿಕ್ಕದೆನಿಸುವ ಬೈಗುಳ, ಒಂದು ವಿಷಯದಲ್ಲಿ ನಪಾಸಾದ ಸುದ್ದಿ, ಗೆಳತಿಯರೆದುರಿನ ಅವಮಾನ ಹದಿನೈದರ ಹುಡುಗಿಗೆ ದಾರಿಯೇ ಮುಚ್ಚಿದಂತೆ ಕಾಣಬಹುದು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಮನೆಗಳಲ್ಲಿ ಇದರೊಡನೆ ಬೇರೆ ಭಾರಗಳೂ ಸೇರಬಹುದು: ಮಗ್ಗದ ಅಥವಾ ಹೊಲದ ಕೆಲಸ, ತಮ್ಮ ತಂಗಿಯರ ಆರೈಕೆ, 'ಹತ್ತನೆಯದು ಮುಗಿದರೆ ಮದುವೆ' ಎಂಬ ಮಾತು. ಆತ್ಮಹತ್ಯೆಯ ಯೋಚನೆಗೆ ಸಾಮಾನ್ಯವಾಗಿ ಒಂದೇ ಕಾರಣವಿರುವುದಿಲ್ಲ. ಆದರೆ ಸಂಕಟದ ಆ ತೀವ್ರತೆ ಹೆಚ್ಚಾಗಿ ತಾತ್ಕಾಲಿಕ. ಆ ಗಳಿಗೆ ದಾಟಿಸಲು ಜೊತೆಗೊಬ್ಬರು ಬೇಕು.

ಇಲ್ಲಿ ಶಾಲೆ ಬಹಳ ಮಾಡಬಲ್ಲದು. ಯೂರೋಪಿನ 10 ದೇಶಗಳ 168 ಶಾಲೆಗಳಲ್ಲಿ 11,110 ಮಕ್ಕಳೊಡನೆ ನಡೆದ ಅಧ್ಯಯನವೊಂದು 2015ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ನಾಲ್ಕು ವಾರಗಳಲ್ಲಿ ಒಟ್ಟು ಐದೇ ಗಂಟೆ ಮಕ್ಕಳು ಮನಸ್ಸಿನ ಕಷ್ಟಗಳನ್ನು ಅಭಿನಯಿಸಿ, ಚರ್ಚಿಸಿ, ನೆರವು ಕೇಳುವುದನ್ನು ಕಲಿತರು. ವರ್ಷದ ನಂತರ ನೋಡಿದಾಗ ಅವರಲ್ಲಿ ಆತ್ಮಹತ್ಯಾ ಪ್ರಯತ್ನಗಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಕಡಿಮೆಯಾಗಿದ್ದವು. ಶಿಕ್ಷಕರಿಗೆ ಮಾತ್ರ ತರಬೇತಿ ಕೊಟ್ಟ ಕಡೆ ಅಂಥ ಫಲ ಕಾಣಲಿಲ್ಲ. ಮಕ್ಕಳ ಬಾಯಿಗೇ ಮಾತು ಕೊಡಬೇಕೆಂಬುದೇ ಇದರ ಪಾಠ.

ನಮ್ಮ ನಿಮ್ಹಾನ್ಸ್ ಕೂಡ ಪ್ರೌಢಶಾಲೆಗಳಿಗಾಗಿ ಜೀವನ ಕೌಶಲ ಶಿಕ್ಷಣವನ್ನು ರೂಪಿಸಿದೆ. ಡಾ. ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದನ್ನು ಕಲಿತ 605 ಮಕ್ಕಳು ಕಲಿಯದ 423 ಮಕ್ಕಳಿಗಿಂತ ಆತ್ಮಗೌರವದಲ್ಲೂ ಕಷ್ಟ ನಿಭಾಯಿಸುವುದರಲ್ಲೂ ಮುಂದಿದ್ದರು. ಪಾಠ ಮಾಡಿದವರು ತರಬೇತಿ ಪಡೆದ ಶಾಲಾ ಶಿಕ್ಷಕರೇ.

ಪೋಷಕರು ಗಮನಿಸಬೇಕಾದ ಸೂಚನೆಗಳಿವೆ. ಮಗಳು ಊಟ, ನಿದ್ರೆ, ಗೆಳತಿಯರನ್ನು ಬಿಟ್ಟರೆ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ, 'ನಾನಿಲ್ಲದಿದ್ದರೇ ಒಳ್ಳೆಯದು' ಎಂದರೆ ಅದನ್ನು ನಾಟಕವೆಂದು ತಳ್ಳಿಹಾಕಬಾರದು. 'ಸಾಯುವ ಯೋಚನೆ ಬರುತ್ತಿದೆಯೇನಮ್ಮ?' ಎಂದು ಮೆಲ್ಲಗೆ, ನೇರವಾಗಿ ಕೇಳಬಹುದು. ಕೇಳಿದರೆ ಆ ಯೋಚನೆ ಬಿತ್ತಿದಂತಾಗುತ್ತದೆಂಬುದು ತಪ್ಪು ಕಲ್ಪನೆ. ಉಪದೇಶ ಬೇಡ, ಹೋಲಿಕೆ ಬೇಡ. ಅವಳನ್ನು ಒಂಟಿಯಾಗಿ ಬಿಡದೆ, ಅಪಾಯಕಾರಿ ವಸ್ತುಗಳನ್ನು ಬೀಗ ಹಾಕಿಟ್ಟು, ಕೂಡಲೇ ವೈದ್ಯರನ್ನು ಕಾಣಬೇಕು.

ವಿದ್ಯಾರ್ಥಿನಿಯರೂ ತಿಳಿಯಬೇಕಾದ್ದೊಂದಿದೆ. ಗೆಳತಿಯೊಬ್ಬಳು ಇಂಥ ಗುಟ್ಟು ಹೇಳಿದರೆ ಅದನ್ನು ನಂಬಿಕೆಯ ಹಿರಿಯರಿಗೆ ತಿಳಿಸುವುದು ದ್ರೋಹವಲ್ಲ, ಅದೇ ಸ್ನೇಹ. ನಪಾಸಾದವರಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ.

2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098. ಇವೆರಡನ್ನೂ ಪ್ರತಿ ತರಗತಿಯ ಗೋಡೆಯ ಮೇಲೆ, ಪ್ರತಿ ಮಗುವಿನ ದಿನಚರಿ ಪುಸ್ತಕದಲ್ಲಿ ಇಂದೇ ಬರೆಸುವುದು ಒಳ್ಳೆಯದು.