ಕೊರಕಲು ಮುಚ್ಚುವ ಮುನ್ನ

2021ರ ನವೆಂಬರ್ ತಿಂಗಳ ಮಳೆಯನ್ನು ನಮ್ಮ ಶ್ರೀನಿವಾಸಪುರ ಸೀಮೆಯವರು ಸುಲಭವಾಗಿ ಮರೆಯಲಾರರು. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಆ ತಿಂಗಳ 19ರಂದು ತಮಿಳುನಾಡಿನ ಉತ್ತರ ಕರಾವಳಿಯನ್ನು ದಾಟಿ ಒಳನಾಡಿಗೆ ನುಗ್ಗಿತು. ಕೋಲಾರ ಜಿಲ್ಲೆಯ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದವು. ವರ್ಷಗಟ್ಟಲೆ ಒಣಗಿದ್ದ ಕೆರೆ ತುಂಬಿತೆಂದು ಜನ ಬಾಗಿನ ಅರ್ಪಿಸಿದರು. ಅದೇ ಮಳೆ ಮಾವಿನ ತೋಟಗಳ ಕೆಂಪು ಮಣ್ಣನ್ನು ಸೀಳಿ, ಕಾಲುದಾರಿಗಳನ್ನು ಕೊಚ್ಚಿಕೊಂಡು ಹೋಗಿದ್ದೂ ಉಂಟು.

ಮಳೆ ನಿಂತ ವಾರದಲ್ಲಿ ಪರಿಚಯದ ರೈತರೊಬ್ಬರ ತೋಟಕ್ಕೆ ಹೋದೆ. ಅಷ್ಟರಲ್ಲಾಗಲೇ ಜೆಸಿಬಿ ಬಂದು ಕೊರಕಲನ್ನು ಮುಚ್ಚಿತ್ತು.

“ಎಷ್ಟು ಆಳ ಬಿದ್ದಿತ್ತು ಯಜಮಾನ್ರೇ?” ಎಂದೆ.

“ಆಳುದ್ದ ಇತ್ತು ಮೇಷ್ಟ್ರೇ” ಎಂದರು.

ಪಕ್ಕದಲ್ಲಿದ್ದ ಮಗ, “ಇಲ್ಲಪ್ಪಾ, ಸೊಂಟದವರೆಗೆ ಇತ್ತು” ಎಂದ.

ನೀರು ಯಾವ ಕಡೆಯಿಂದ ನುಗ್ಗಿತು ಎಂಬುದರಲ್ಲೂ ಅಪ್ಪ ಮಗನಿಗೆ ಒಮ್ಮತವಿರಲಿಲ್ಲ. ಒಂದೇ ವಾರದಲ್ಲಿ ಸಾಕ್ಷಿ ಅಳಿಸಿಹೋಗಿತ್ತು. ಮುಂದಿನ ಮಳೆಗೆ ಅದೇ ಜಾಗ ಮತ್ತೆ ಕಿತ್ತುಹೋದರೆ ಆಶ್ಚರ್ಯವಿಲ್ಲ. ಯಾಕೆ ಕಿತ್ತುಹೋಯಿತೆಂದು ಯಾರೂ ಬರೆದಿಡಲಿಲ್ಲವಲ್ಲ.

ಇದು ಬರೀ ಒಂದು ತೋಟದ ಮಾತಲ್ಲ. ಅದೇ 19ರಂದು ಬೆಳಿಗ್ಗೆ ನಮ್ಮ ಗಡಿಯಾಚೆ, ಆಂಧ್ರದ ರಾಜಂಪೇಟೆ ಬಳಿ ಚೆಯ್ಯೇರು ನದಿಯ ಅನ್ನಮಯ್ಯ ಜಲಾಶಯದ ಮಣ್ಣಿನ ಏರಿ ಒಡೆಯಿತು. ಮೇಲ್ಭಾಗದ ಪಿಂಚ ಜಲಾಶಯ ಒಡೆದು ಬಂದ ನೀರೂ ಅದಕ್ಕೆ ಸೇರಿತ್ತು. ಕೆಳಗಿನ ಹಳ್ಳಿಗಳಲ್ಲಿ ಹಲವರು ಪ್ರಾಣ ಕಳೆದುಕೊಂಡರು. ನಮ್ಮ ಕೆರೆಗಳೂ ಹೀಗೆಯೇ ಸರಪಳಿಯಂತೆ ಒಂದರ ಕೆಳಗೊಂದು ಇರುವಂಥವು. ಮೇಲಿನ ಊರಿನ ಏರಿ ಎಲ್ಲಿ ದುರ್ಬಲ ಎಂಬುದು ಕೆಳಗಿನ ಊರಿನವರಿಗೂ ಗೊತ್ತಿರಬೇಕಾದ ಸಂಗತಿ.

ನೆಲದ ಗಾಯವನ್ನು ಬರೆದಿಟ್ಟರೆ ಏನು ಪ್ರಯೋಜನ ಎಂಬುದಕ್ಕೆ ಕೊಡಗು ಉದಾಹರಣೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಮುಂತಾದೆಡೆ ಗುಡ್ಡಗಳು ಜಾರಿದ ನಂತರ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ತಜ್ಞರು ಅಲ್ಲಿ ನೂರಕ್ಕೂ ಹೆಚ್ಚು ಕುಸಿತಗಳನ್ನು ಪರಿಶೀಲಿಸಿದರು. ಇತ್ತ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಆ ತಿಂಗಳ ಮಳೆಗೆ ಕೇರಳ, ಕರ್ನಾಟಕ, ತಮಿಳುನಾಡುಗಳಲ್ಲಿ ಆದ ಸುಮಾರು 7,000 ಕುಸಿತಗಳನ್ನು ಉಪಗ್ರಹ ಚಿತ್ರಗಳಿಂದ ಗುರುತಿಸಿತು.

ಅಂಥ ದಾಖಲೆಯಲ್ಲಿ ಇರುವುದೇನು? ಕುಸಿತ ಶುರುವಾದ ತಲೆ ಎಲ್ಲಿ, ಉದ್ದ, ಅಗಲ, ಆಳ ಎಷ್ಟು, ಮಣ್ಣು ಯಾವುದು, ಅಡಿಯ ಬಂಡೆ ಯಾವುದು, ಬುಡವನ್ನು ರಸ್ತೆಗೋ ಮನೆಗೋ ಕಡಿದಿದ್ದರೇ, ಎಷ್ಟು ಹೊತ್ತಿಗೆ ಜಾರಿತು, ಅದಕ್ಕೆ ಮುಂಚೆ ಎಷ್ಟು ಮಳೆ ಬಿದ್ದಿತ್ತು. ಕೊಡಗಿನ ಪರಿಶೀಲನೆಯಲ್ಲಿ, ರಸ್ತೆಗೂ ಕಟ್ಟಡಕ್ಕೂ ಇಳಿಜಾರನ್ನು ಕಡಿದದ್ದು ಕುಸಿತಕ್ಕೆ ದೊಡ್ಡ ಕಾರಣವೆಂದು ಕಂಡುಬಂತು. ಹಳೆಯ ಕುಸಿತಗಳ ವೇಳೆಯನ್ನೂ ಮಳೆಯ ಪ್ರಮಾಣವನ್ನೂ ಜೋಡಿಸಿ ನೋಡಿದರೆ, ಎಷ್ಟು ಮಳೆಗೆ ಗುಡ್ಡ ಅಪಾಯದಂಚಿಗೆ ಬರುತ್ತದೆಂಬ ಅಂದಾಜು ಸಿಗುತ್ತದೆ. ಮುನ್ಸೂಚನೆ ನಿಂತಿರುವುದು ಇಂಥ ಲೆಕ್ಕದ ಮೇಲೆ. 2024ರ ಜುಲೈನಲ್ಲಿ ಕೋಲ್ಕತ್ತಾದಲ್ಲಿ ಆರಂಭವಾದ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರಕ್ಕೂ ಇಂಥ ಹಳೆಯ ದಾಖಲೆಗಳೇ ಬಂಡವಾಳ.

ನಮ್ಮ ತಾಲ್ಲೂಕಿನಲ್ಲಿ ಕೊಡಗಿನಂಥ ಬೆಟ್ಟಗಳಿಲ್ಲ ನಿಜ. ನಮ್ಮ ಅಪಾಯ ಕೆರೆಯ ಏರಿಯಲ್ಲಿದೆ. ಬರಗಾಲದಲ್ಲಿ ಏರಿಯ ಮಣ್ಣು ಬಿರುಕು ಬಿಡುತ್ತದೆ. ಇಲಿ, ಏಡಿ ಬಿಲ ತೋಡುತ್ತವೆ. ಮರದ ಬೇರು ಕೊಳೆತು ಒಳಗೆ ಪೊಳ್ಳಾಗುತ್ತದೆ. ಕೆರೆ ತುಂಬಿದೊಡನೆ ನೀರು ಆ ದಾರಿ ಹಿಡಿಯುತ್ತದೆ. ಏರಿಯ ಹಿಂಬದಿಯಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಕಣ್ಣಿಟ್ಟಿರಬೇಕು. ಕೆಂಪಗೆ ಕದಡಿದ್ದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ. ಆಗ ತಡಮಾಡದೆ ತಾಲ್ಲೂಕು ಕಚೇರಿಗೆ ಸುದ್ದಿ ಮುಟ್ಟಿಸಿ, ಕೆಳಗಿನ ಮನೆಯವರನ್ನು ಎಬ್ಬಿಸಬೇಕು. ಹಿಂದೆ ಇದನ್ನೆಲ್ಲ ನೀರುಗಂಟಿ ತಲೆಯಲ್ಲೇ ಇಟ್ಟುಕೊಂಡಿರುತ್ತಿದ್ದ. ಈಗ ನೀರುಗಂಟಿಗಳು ಅಪರೂಪ, ಅವರ ತಿಳಿವಳಿಕೆಯೂ ಕಾಗದಕ್ಕೆ ಇಳಿದಿಲ್ಲ.

ಬಿದ್ದ ಮಳೆಯ ಲೆಕ್ಕಕ್ಕೆ ಕೊರತೆಯಿಲ್ಲ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಆದರೆ ಆ ಮಳೆಗೆ ನೆಲ ಎಲ್ಲಿ ಒಡೆಯಿತೆಂಬುದು ಬರೆದಿಲ್ಲದಿದ್ದರೆ, ಆ ಅಂಕಿಯಿಂದ ನಮ್ಮೂರಿಗೆ ಅರ್ಧ ಉಪಯೋಗ ಮಾತ್ರ.

ಮರುವರ್ಷದ ಮಳೆಯಲ್ಲಿ ಹೈಸ್ಕೂಲು ಮಕ್ಕಳನ್ನು ಕರೆದುಕೊಂಡು ಹೊರಟೆ. ನೀರಿರುವ ಕಡೆಗೆ ಹೋಗದೆ, ಮಳೆ ಪೂರ್ತಿ ಬಿಟ್ಟ ಮೇಲೆ, ಅಡಿ ಗುರುತು ಹಾಕಿದ ಬಿದಿರು ಕೋಲು, ಗಂಟು ಕಟ್ಟಿದ ಹಗ್ಗ ಹಿಡಿದು ಕೊರಕಲುಗಳನ್ನು ಅಳೆದೆವು. ಫೋಟೋ ತೆಗೆಯುವಾಗ ಪಕ್ಕದಲ್ಲಿ ಕೋಲನ್ನು ನಿಲ್ಲಿಸಿದೆವು. ಇಲ್ಲದಿದ್ದರೆ ಚಿತ್ರದಲ್ಲಿ ಚರಂಡಿಗೂ ಹಳ್ಳಕ್ಕೂ ವ್ಯತ್ಯಾಸ ತಿಳಿಯದು. ತಾರೀಖು, ವೇಳೆ, ಸರ್ವೆ ನಂಬರ್ ಬರೆದೆವು.

ಆ ರೈತರ ತೋಟಕ್ಕೂ ಹೋದೆವು. ಮುಚ್ಚಿದ್ದ ಜಾಗದಲ್ಲೇ ಮತ್ತೆ ಕೊರಕಲು ಬಿದ್ದಿತ್ತು. ಈ ಬಾರಿ ಅಳತೆ ಮೂರೂವರೆ ಅಡಿ. ಹಗ್ಗ ಹಿಡಿದು ಮೇಲಕ್ಕೆ ನಡೆದ ಹುಡುಗಿಯೊಬ್ಬಳು ಕಾರಣ ಕಂಡುಹಿಡಿದಳು: ಹೊಸ ರಸ್ತೆಯ ಮೋರಿಯ ನೀರೆಲ್ಲ ನೇರವಾಗಿ ಅವರ ಬದುವಿಗೇ ಬಂದು ಬೀಳುತ್ತಿತ್ತು.

“ಜೆಸಿಬಿ ಕಳಿಸಲಾ ಮೇಷ್ಟ್ರೇ?” ಎಂದು ಯಜಮಾನರು ಕೇಳಿದರು.

“ಮೊದಲು ಈ ಕಾಗದ ತಗೊಂಡು ಪಂಚಾಯಿತಿಗೆ ಹೋಗೋಣ ನಡೀರಿ” ಎಂದೆ.