ಹಿತ್ತಲ ಅಡುಗೆಕಟ್ಟೆಗೆ ಕಲ್ಲಿನ ಹೊದಿಕೆ

ಹಿತ್ತಲಲ್ಲಿ ಅಡುಗೆಕಟ್ಟೆ ಕಟ್ಟಿಸಿ ಕಲ್ಲಿನ ಕ್ಲಾಡಿಂಗ್ ಮಾಡಿಸುವವರು ನನ್ನನ್ನು ಮೊದಲು ಕೇಳುವುದು ಬಣ್ಣದ ವಿಚಾರ. ನಾನು ಮೊದಲು ನೋಡುವುದು ಗೋಡೆ. ಪ್ಲೈವುಡ್ ಪೆಟ್ಟಿಗೆಯ ಮೇಲೆ ಕಲ್ಲು ಅಂಟಿಸಿ ಎಂದರೆ ನಾನು ಒಲ್ಲೆ, ಮಳೆಗಾಲಕ್ಕೆ ಉಬ್ಬುತ್ತದೆ. ಇಟ್ಟಿಗೆಯೋ ಸಿಮೆಂಟ್ ಬ್ಲಾಕೋ ಇರಬೇಕು, ಮೇಲೆ ಒರಟು ಗಾರೆ, ಅದಕ್ಕೆ ಒಂದು ವಾರ ನೀರುಣಿಸಬೇಕು. ಪೇಂಟ್ ಬಳಿದ ಗೋಡೆಯಾದರೆ ಕೆತ್ತಿಯೇ ತೀರಬೇಕು.

ಬೆಂಗಳೂರಿನ ಸುತ್ತಮುತ್ತ ಸಾದರಹಳ್ಳಿಯ ಬೂದು ಗ್ರಾನೈಟ್ ನನ್ನ ಆಯ್ಕೆ. ಶಹಾಬಾದ್ ಕಲ್ಲು ಚೆಂದವೇ, ಆದರೆ ಅದು ಸುಣ್ಣದಕಲ್ಲು. ನಿಂಬೆ, ಹುಣಸೆ ರಸ ಬಿದ್ದಲ್ಲಿ ಕಲೆ ಉಳಿಯುತ್ತದೆ.

ಬರೀ ಸಿಮೆಂಟ್ ಹಾಲು ಬಳಿದು ಹಚ್ಚುವ ಹಳೆ ರೂಢಿ ಬಿಸಿಲು, ಮಳೆಗೆ ಒಡ್ಡಿದ ಗೋಡೆಗೆ ಸಾಲದು. ಟೈಲ್ ಅಂಟಿನ ಭಾರತೀಯ ಮಾನಕ ಐಎಸ್ 15477 ಗುರುತಿನ ಅಂಟು ಕೊಳ್ಳಿ. ಕಲ್ಲಿನ ಬೆನ್ನಿನ ಧೂಳು ತೊಳೆದು, ಗೋಡೆಗೂ ಬೆನ್ನಿಗೂ ಅಂಟು ಬಳಿದು, ಮೂಲೆಯಿಂದ ಶುರುಮಾಡಿ ಒತ್ತಿ ಕೂರಿಸಬೇಕು. ಅವಸರದ ಮೇಸ್ತ್ರಿ ನಾಲ್ಕು ಕಡೆ ಗುಡ್ಡೆ ಇಟ್ಟು ಒತ್ತುತ್ತಾನೆ. ಒಳಗೆ ಪೊಳ್ಳು, ನೀರು ಅಲ್ಲೇ ಕೂರುತ್ತದೆ. ಹಚ್ಚಿದ ಕೂಡಲೇ ಒಂದು ಕಲ್ಲು ಕಿತ್ತು ನೋಡಿ: ಬೆನ್ನಿನ ತುಂಬ ಅಂಟು ಮೆತ್ತಿರಬೇಕು.

ಇನ್ನೊಂದು ಮಾತು, ಅಂದಕ್ಕೆ ಸಂಬಂಧಿಸಿದ್ದಲ್ಲ. ಸಿಲಿಂಡರ್ ಇಡುವ ಗೂಡಿನ ಗಾಳಿಕಿಂಡಿಯನ್ನು ಕಲ್ಲಿನಿಂದ ಮುಚ್ಚಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ನಿಲ್ಲುತ್ತದೆ. ನೆಲಮಟ್ಟದಲ್ಲೊಂದು ಕಿಂಡಿ ಇರಲೇಬೇಕು.