ಮೂರು ಫ್ಲೋರ್ ಮನೆಗೆ ಒಂದು ರೂಟರ್ ಸಾಕಾ? ಮೆಶ್ ವೈಫೈ ಕೊಳ್ಳೋ ಮುಂಚೆ ಇಷ್ಟು ನೋಡಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ - ಯಾವ ಊರಿನ ಹೊಸ ಬಡಾವಣೆಗೆ ಹೋದರೂ ಹೆಚ್ಚುಕಮ್ಮಿ ಒಂದೇ ಬಗೆಯ ಮನೆಗಳು. 30x40 ಸೈಟು. ಕೆಳಗೆ ಅಪ್ಪ-ಅಮ್ಮ, ಮೇಲೆ ಮಗ-ಸೊಸೆ, ಅದರ ಮೇಲೆ ಆಫೀಸ್ ಕೆಲಸಕ್ಕೆ ಅಂತ ಒಂದು ರೂಮು. ಫೈಬರ್‌ನವರು ಬಂದು ಕೆಳಗಿನ ಹಾಲ್‌ನಲ್ಲಿ ಟಿವಿ ಪಕ್ಕ ರೂಟರ್ ಇಟ್ಟು ಹೋಗಿರುತ್ತಾರೆ. ಹಾಲ್‌ನಲ್ಲಿ ಫುಲ್ ಸ್ಪೀಡು, ಎರಡನೇ ಫ್ಲೋರ್‌ನಲ್ಲಿ ಮಾತ್ರ ಮೀಟಿಂಗ್ ನಡುವೆಯೇ ಸ್ಕ್ರೀನ್ ಸ್ತಬ್ಧ.

ವಾರಕ್ಕೆ ಎರಡು ಮೂರು ದಿನ ಮನೆಯಿಂದ ಕೆಲಸ ಮಾಡಬಹುದು ಅಂತ ನಂಬಿ ಊರಲ್ಲೇ ಉಳಿದವರಿಗೆ ಇದು ಸಣ್ಣ ತೊಂದರೆಯಲ್ಲ. ಕಾಲ್ ಪದೇ ಪದೇ ಕಟ್ ಆದರೆ "ಆಫೀಸಿಗೇ ಬಂದ್ಬಿಡಿ" ಅನ್ನೋ ಮಾತು ಬರುತ್ತೆ. ಅಂದರೆ ಮತ್ತೆ ಹೆಬ್ಬಾಳ, ಗೊರಗುಂಟೆಪಾಳ್ಯ, ಟಿನ್ ಫ್ಯಾಕ್ಟರಿ ಟ್ರಾಫಿಕ್ಕು.

ಇದಕ್ಕೆ ಎಲ್ಲರೂ ಹೇಳೋ ಮದ್ದು ಮೆಶ್ ವೈಫೈ. ಮದ್ದು ಸರಿಯೇ. ಆದರೆ ನಮ್ಮ ಕಾಂಕ್ರೀಟ್ ಮನೆಗಳಲ್ಲಿ ಅದು ಕೆಲಸ ಮಾಡೋದು ಡಬ್ಬಿಗಳ ನಡುವೆ ಗಟ್ಟಿ ಸಂಪರ್ಕ ಇದ್ದಾಗ ಮಾತ್ರ. ಅದಕ್ಕೆ ಎಷ್ಟೋ ಸಲ ಒಂದು ವೈರ್ ಸಾಕಾಗುತ್ತೆ.

ಮೊದಲು ತೊಂದರೆ ಎಲ್ಲಿದೆ ನೋಡಿ

ರೂಟರ್ ಪಕ್ಕದಲ್ಲೇ ನಿಂತು ಸ್ಪೀಡ್ ಟೆಸ್ಟ್ ಮಾಡಿ. ಸಾಧ್ಯವಾದರೆ ಲ್ಯಾಪ್‌ಟಾಪಿಗೆ ನೇರ ಕೇಬಲ್ ಹಾಕಿ ನೋಡಿ. ಅಲ್ಲೇ ಸ್ಪೀಡ್ ಇಲ್ಲ ಅಂದರೆ ತೊಂದರೆ ಹೊರಗಿನ ಲೈನಿನದು, ಕನೆಕ್ಷನ್ ಕೊಟ್ಟವರಿಗೆ ದೂರು ಕೊಡಿ. ಮೆಶ್ ತಂದರೆ ನಿಧಾನದ ಇಂಟರ್ನೆಟ್ಟೇ ಮನೆಯೆಲ್ಲ ಹರಡುತ್ತೆ, ಅಷ್ಟೇ.

ರೂಟರ್ ಹತ್ತಿರ ಚೆನ್ನಾಗಿದ್ದು ಮೇಲೆ ಹೋದಾಗ ಬಿದ್ದರೆ ಅದು ವೈಫೈ ತೊಂದರೆ. ಆಂಡ್ರಾಯ್ಡ್ ಫೋನಿನಲ್ಲಿ ಯಾವುದಾದರೂ ವೈಫೈ ಅನಲೈಜರ್ ಆ್ಯಪ್ ಹಾಕಿಕೊಂಡು ರೂಮಿಂದ ರೂಮಿಗೆ ನಡೆಯಿರಿ. ಸಿಗ್ನಲ್ ಮೈನಸ್ ಅಂಕಿಯಲ್ಲಿ ಕಾಣುತ್ತೆ. -50 ಅಂದರೆ ಬಹಳ ಒಳ್ಳೆಯದು. ವಿಡಿಯೊ ಕಾಲ್‌ಗೆ -67 ತನಕ ಪರವಾಗಿಲ್ಲ. -80 ದಾಟಿದರೆ ಕೆಲಸ ಕೆಟ್ಟಂತೆ. ಒಂದು ವಿಡಿಯೊ ಕಾಲ್‌ಗೆ ಬೇಕಾಗೋದು 3-4 ಎಂಬಿಪಿಎಸ್ ಅಷ್ಟೇ. ಹಾಗಾಗಿ ಮೇಲಿನ ರೂಮಿನ ತೊಂದರೆಗೆ 100ರ ಪ್ಲಾನ್ ಬಿಟ್ಟು 300ರದ್ದು ಹಾಕಿಸಿದರೆ ಏನೂ ಬದಲಾಗಲ್ಲ.

ಗೋಡೆಗಿಂತ ಮೋಲ್ಡ್ ಕಷ್ಟ

ವೈಫೈಗೆ ಮುಖ್ಯವಾಗಿ ಎರಡು ಬ್ಯಾಂಡ್. 2.4 ಗಿಗಾಹರ್ಟ್ಸ್ ದೂರ ಹೋಗುತ್ತೆ, ಗೋಡೆಯನ್ನೂ ಒಂದಿಷ್ಟು ದಾಟುತ್ತೆ, ಆದರೆ ಸ್ಪೀಡ್ ಕಮ್ಮಿ. ಅಕ್ಕಪಕ್ಕದ ಮನೆಗಳದ್ದೂ ಸೇರಿ ಅಲ್ಲಿ ನೂಕುನುಗ್ಗಲು ಬೇರೆ. 5 ಗಿಗಾಹರ್ಟ್ಸ್ ಸ್ಪೀಡಾಗಿದೆ, ಗೋಡೆ ಎದುರಾದರೆ ಸುಸ್ತಾಗುತ್ತೆ. ಕಬ್ಬಿಣದ ಸರಳಿರುವ ಆರ್‌ಸಿಸಿ ಮೋಲ್ಡ್ ಎರಡಕ್ಕೂ ಶತ್ರು. ಹಳೇ ಪೇಟೆಯ ಒಂದೂವರೆ ಅಡಿ ದಪ್ಪದ ಕಲ್ಲುಗೋಡೆ, ಮಗ್ಗದ ಶೆಡ್ಡಿನ ತಗಡಿನ ಚಾವಣಿ, ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರು ತುಂಬಿದ ಟ್ಯಾಂಕು - ಇವೆಲ್ಲ ಸಿಗ್ನಲ್ಲನ್ನು ತಡೆಯುತ್ತವೆ ಇಲ್ಲವೇ ಹೀರುತ್ತವೆ.

ಆದ್ದರಿಂದ ಪೆಟ್ಟಿಗೆ ಮೇಲೆ ಬರೆದಿರೋ "5,000 ಚದರ ಅಡಿ" ಲೆಕ್ಕ ನಂಬಿ ಕೊಳ್ಳಬೇಡಿ. ಅಮೆರಿಕದ ಮನೆಗಳಲ್ಲಿ ಒಳಗೋಡೆ ಸಾಮಾನ್ಯವಾಗಿ ಮರದ ಚೌಕಟ್ಟು, ಜಿಪ್ಸಮ್ ಹಲಗೆ. ನಮ್ಮದು ಸಾಲಿಡ್ ಬ್ಲಾಕು, ಕಾಂಕ್ರೀಟು. ಇಲ್ಲಿ ಫ್ಲೋರಿಗೆ ಒಂದು ಡಬ್ಬಿ ಅಂತ ಲೆಕ್ಕ ಹಾಕೋದು ಮೇಲು.

ಎಕ್ಸ್‌ಟೆಂಡರ್ ಯಾಕೆ ಬೇಡ?

ಅಗ್ಗದ ಎಕ್ಸ್‌ಟೆಂಡರ್ ಒಂದೇ ಬ್ಯಾಂಡಿನಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳುತ್ತೆ. ಹಾಗಾಗಿ ಸ್ಪೀಡ್ ಸುಮಾರು ಅರ್ಧಕ್ಕೆ ಇಳಿಯುತ್ತೆ. ಬಹಳಷ್ಟು ಸಲ ಅದಕ್ಕೆ ಬೇರೆ ಹೆಸರು ಇರೋದರಿಂದ ಮೆಟ್ಟಿಲು ಹತ್ತುವಾಗ ಫೋನ್ ಹಳೇ ಸಿಗ್ನಲ್ಲಿಗೇ ಅಂಟಿಕೊಂಡಿರುತ್ತೆ. ಮೆಶ್‌ನಲ್ಲಿ ಮನೆಗೆಲ್ಲ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಹತ್ತಿರದ ಡಬ್ಬಿಗೆ ಹೋಗು ಅಂತ ಅದೇ ಫೋನಿಗೆ ಸೂಚನೆ ಕೊಡುತ್ತೆ.

ಆದರೆ ವೈರ್ ಇಲ್ಲದೆ ಇಟ್ಟರೆ ಸಾದಾ ಡ್ಯುಯಲ್ ಬ್ಯಾಂಡ್ ಮೆಶ್‌ಗೂ ಅರ್ಧ ಸ್ಪೀಡಿನ ಕಾಟ ಇದ್ದೇ ಇದೆ. ಟ್ರೈ-ಬ್ಯಾಂಡ್ ಮಾಡೆಲ್‌ಗಳಲ್ಲಿ ಒಂದು ಬ್ಯಾಂಡನ್ನು ಡಬ್ಬಿಗಳ ನಡುವಿನ ಮಾತುಕತೆಗೇ ಬಿಡಬಹುದು. ಬೆಲೆ ಅದಕ್ಕೇ ಜಾಸ್ತಿ.

ಒಂದು ವೈರ್ ಎಳೆಸಿ

ಆ ಹೆಚ್ಚಿನ ದುಡ್ಡು ಕೊಡೋ ಮೊದಲು ಎಲೆಕ್ಟ್ರಿಷಿಯನ್‌ನ ಒಂದ್ಸಲ ಕರೆಸಿ. ಕೆಳಗಿನ ರೂಟರ್‌ನಿಂದ ಮೇಲಿನ ಫ್ಲೋರಿಗೆ ಕ್ಯಾಟ್-6 ಕೇಬಲ್ ಎಳೆದರೆ ಸಾದಾ ಡ್ಯುಯಲ್ ಬ್ಯಾಂಡ್ ಮೆಶ್ ಕೂಡ ಪೂರ್ತಿ ಸ್ಪೀಡ್ ಕೊಡುತ್ತೆ. ಈ ಕೇಬಲ್ 100 ಮೀಟರ್ ತನಕ ಧಾರಾಳವಾಗಿ ಕೆಲಸ ಮಾಡುತ್ತೆ. ಕೊಳ್ಳುವಾಗ "ಫುಲ್ ಕಾಪರ್ ಕೊಡಿ" ಅಂತ ಕೇಳಿ, ಅಲ್ಯೂಮಿನಿಯಂ ಮೇಲೆ ತಾಮ್ರ ಹಚ್ಚಿದ್ದು ಬೇಡ. ಕರೆಂಟ್ ವೈರಿನ ಪೈಪಿನಲ್ಲೇ ತೂರಿಸಬೇಡಿ. ಹೊರಗೋಡೆ ಮೇಲೆ ಹೋಗೋದಾದರೆ ಬಿಸಿಲು-ಮಳೆ ತಡೆಯೋ ಔಟ್‌ಡೋರ್ ಕೇಬಲ್ಲೇ ಹಾಕಿಸಿ.

ಮನೆ ಈಗ ಕಟ್ಟಿಸ್ತಾ ಇದ್ದೀರಾ? ಮೋಲ್ಡ್ ಹಾಕೋ ಮುಂಚೆ ಪ್ರತಿ ಫ್ಲೋರಿಗೂ ಒಂದೊಂದು ಖಾಲಿ ಪೈಪ್ ಬಿಡಿಸಿ. ಆಮೇಲೆ ಗೋಡೆ ಒಡೆಸೋ ಖರ್ಚು, ಧೂಳು, ಅಮ್ಮನ ಬೈಗುಳ ಎಲ್ಲ ಉಳಿಯುತ್ತೆ.

ವೈರ್ ಸಾಧ್ಯವೇ ಇಲ್ಲ ಅಂದರೆ ಮೆಟ್ಟಿಲ ಜಾಗ ಬಳಸಿ. ಮನೆಯೊಳಗೆ ಮೋಲ್ಡ್ ಇಲ್ಲದೆ ಮೇಲಕ್ಕೆ ದಾರಿ ಇರೋದು ಅಲ್ಲಿ ಮಾತ್ರ. ಎರಡನೇ ಡಬ್ಬಿಯನ್ನು ಸಿಗ್ನಲ್ ಸತ್ತ ರೂಮಿನೊಳಗೆ ಇಡಬೇಡಿ. ಸಿಗ್ನಲ್ ಇನ್ನೂ ಚೆನ್ನಾಗಿರೋ ಅರ್ಧ ದಾರಿಯಲ್ಲಿ ಇಡಿ. ತನಗೇ ಕೇಳಿಸದ ಡಬ್ಬಿ ನಿಮಗೇನು ಹೇಳೀತು?

ಅಂಗಡಿಯಲ್ಲಿ ಕೇಳಬೇಕಾದ್ದು

• ಎಲ್ಲ ಡಬ್ಬಿಗಳಲ್ಲೂ ಗಿಗಾಬಿಟ್ ಪೋರ್ಟ್ ಇದೆಯಾ? ಕೆಲವು ಅಗ್ಗದ ಮಾಡೆಲ್‌ಗಳ ಪೋರ್ಟ್ 100 ಎಂಬಿಪಿಎಸ್‌ಗೇ ನಿಲ್ಲುತ್ತೆ.
• ಈಥರ್ನೆಟ್ ಬ್ಯಾಕ್‌ಹಾಲ್, ಅಂದರೆ ವೈರಿನಲ್ಲಿ ಜೋಡಿಸೋ ಸೌಲಭ್ಯ ಇದೆಯಾ?
• ವೈಫೈ 6 ಇದೆಯಾ? ಬಹಳಷ್ಟು ಮನೆಗಳಿಗೆ ಅಷ್ಟು ಸಾಕು. ನಿಮ್ಮ ಫೋನು, ಲ್ಯಾಪ್‌ಟಾಪ್ ವೈಫೈ 7 ಅಲ್ಲದಿದ್ದರೆ ಅದಕ್ಕೆ ಕೊಡೋ ದುಡ್ಡಿನ ಪೂರ್ತಿ ಲಾಭ ಸಿಗಲ್ಲ.
• ಮುಂದೆ ಇನ್ನೊಂದು ಡಬ್ಬಿ ಸೇರಿಸಬಹುದಾ? ಬೇರೆ ಬೇರೆ ಕಂಪನಿಯವು ಕೂಡಲಿ ಅಂತ ವೈಫೈ ಅಲೈಯನ್ಸ್ 2018ರಲ್ಲೇ ಈಸಿಮೆಶ್ ಅನ್ನೋ ಗುಣಮಟ್ಟ ತಂದಿದೆ. ಆದರೂ ಒಂದೇ ಕಂಪನಿಯದ್ದು ಕೊಂಡರೆ ತಲೆನೋವು ಕಮ್ಮಿ.
• ಆ್ಯಕ್ಸೆಸ್ ಪಾಯಿಂಟ್ ಮೋಡ್ ಇದೆಯಾ? ಫೈಬರ್‌ನವರು ಕೊಟ್ಟದ್ದೂ ರೂಟರ್, ನೀವು ತಂದದ್ದೂ ರೂಟರ್ ಆದರೆ ಆಫೀಸಿನ ವಿಪಿಎನ್ ಕೆಲವೊಮ್ಮೆ ತಕರಾರು ಮಾಡುತ್ತೆ. ಮೆಶ್ಶನ್ನು ಈ ಮೋಡ್‌ಗೆ ಹಾಕಿ, ಹಳೇ ಡಬ್ಬಿಯ ವೈಫೈ ಆಫ್ ಮಾಡಿಬಿಡಿ.

ಕರೆಂಟ್ ಹೋದಾಗ?

ಇದನ್ನ ಎಷ್ಟೋ ಜನ ಮರೆಯುತ್ತಾರೆ. ಮೆಶ್ ಅಂದರೆ ಮನೆಯಲ್ಲಿ ಎರಡು ಮೂರು ಕಡೆ ಕರೆಂಟ್ ಬೇಡೋ ಡಬ್ಬಿಗಳು. ಕೆಳಗಿನ ರೂಟರಿಗೆ ಮಾತ್ರ ಯುಪಿಎಸ್ ಇದ್ದರೆ ಬೆಸ್ಕಾಂ ಕರೆಂಟ್ ಹೋದ ತಕ್ಷಣ ಮೇಲಿನ ರೂಮು ಮತ್ತೆ ಕತ್ತಲೆ. ಇನ್ವರ್ಟರ್ ಇದ್ದರೂ ಕೆಲವು ಮನೆಗಳಲ್ಲಿ ಅದು ಲೈಟು, ಫ್ಯಾನಿಗೆ ಮಾತ್ರ. ಡಬ್ಬಿ ಇಡೋ ಸಾಕೆಟ್ ಇನ್ವರ್ಟರ್ ಲೈನಿನಲ್ಲಿದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಒಂದೊಂದಕ್ಕೂ ಸಣ್ಣ ಡಿಸಿ ಯುಪಿಎಸ್ ಸಿಗುತ್ತೆ. ಡಬ್ಬಿಯ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಓದಿ ಅದಕ್ಕೆ ಹೊಂದುವುದನ್ನೇ ತನ್ನಿ.

ಬೀದಿಯ ವಿಷಯಾನೂ ಕೇಳಿ. ಮನೆಯೊಳಗೇ ಫೈಬರ್ ಬರೋ ಜಿಪಾನ್ ಕನೆಕ್ಷನ್‌ನಲ್ಲಿ ಕಂಬದ ಮೇಲಿನ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಕಂಬದ ಡಬ್ಬಿಯಿಂದ ಬರೀ ಲ್ಯಾನ್ ಕೇಬಲ್ ಎಳೆದಿದ್ದರೆ ಆ ಡಬ್ಬಿಗೂ ಕರೆಂಟ್ ಬೇಕು. ಬೀದಿಗೇ ಕರೆಂಟ್ ಹೋದರೆ ನಿಮ್ಮ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ.

ಮೂರು ಡಬ್ಬಿಯ ಪ್ಯಾಕ್ ಒಮ್ಮೆಗೇ ತರೋ ಬದಲು ಎರಡು ತಂದು, ವೈರ್ ಹಾಕಿಸಿ, ಒಂದು ವಾರ ನೋಡಿ. ಎಷ್ಟೋ ಮನೆಗಳಿಗೆ ಅಷ್ಟೇ ಸಾಕಾಗಿಬಿಡುತ್ತೆ. ಕೆಲಸದ ರೂಮಿನಲ್ಲಿ -67ಕ್ಕಿಂತ ಒಳ್ಳೆಯ ಸಿಗ್ನಲ್ ಸಿಗದಿದ್ದರೆ ಆಗ ಮೂರನೆಯದು ತನ್ನಿ.